ಕುರ್ಚಿ ಪೂರ್ತಿ ಮಲಗಿಸೇ

ಲವಂಗದೆಣ್ಣೆಯ ವಾಸನೆಗೆ ಇಂದಿಗೂ ನನಗೆ ಬಾಲ್ಯದ ಹಲ್ಲುನೋವು ನೆನಪಾಗುತ್ತದೆ. ಈಗ ಮಗಳ ದಂತ ಚಿಕಿತ್ಸಾಲಯದಲ್ಲೂ ಅದೇ ವಾಸನೆ. ರೋಗಿಗಳ ಮೇಲೆ ಬಗ್ಗಿ ಬಗ್ಗಿ ಅವಳ ಸೊಂಟ ಬಿದ್ದುಹೋಗಿದೆ. ಹೀಗೇ ಬಗ್ಗಿದರೆ ಕೆಲಸವನ್ನೇ ಬಿಡಬೇಕಾಗುತ್ತದೆ ಎಂದು ಮೂಳೆ ಡಾಕ್ಟರು ಎಚ್ಚರಿಸಿದ್ದಾರೆ.

"ಕುರ್ಚಿ ಪೂರ್ತಿ ಮಲಗಿಸೇ ಅಂತ ಎಷ್ಟು ಸಲ ಬಡ್ಕೊಳ್ಲಿ?" ಎಂದು ಇವತ್ತೂ ರೇಗಿದೆ.

"ಜನ ಹೆದರ್ತಾರಮ್ಮ. ಸರಿ, ನಿನ್ ಹಲ್ಲು ತೋರ್ಸು."

ಕುರ್ಚಿ ಹಿಂದಕ್ಕೆ ವಾಲಿತು. "ಅಯ್ಯೋ, ಸಾಕು ಸಾಕು, ತಲೆ ಸುತ್ತುತ್ತೆ!" ಎಂದು ಕೂಗಿದೆ.

"ಹೇಳೋದು ಆಚಾರ, ತಿನ್ನೋದು ಬದನೆಕಾಯಿ," ಎಂದು ಸಹಾಯಕಿ ನಕ್ಕಳು.

ಮಗಳು ಕುರ್ಚಿಯನ್ನು ಅರ್ಧಕ್ಕೇ ನಿಲ್ಲಿಸಿ ಬಗ್ಗಿದಳು. ಮುಖಗವಸಿನ ಮೇಲೆ ಅವಳ ಕಣ್ಣುಗಳು ನೋವಿಗೆ ಕಿರಿದಾದವು.

"ಪೂರ್ತಿ ಮಲಗಿಸೇ," ಎಂದೆ. ಸಹಾಯಕಿ ನನ್ನ ಕೈ ಹಿಡಿದುಕೊಂಡಳು.

ಆಮೇಲೆ, ಕೂರಲಾಗದೆ ಗೋಡೆಗೊರಗಿ ನಿಂತಿದ್ದ ಮಗಳಿಗೆ ಊಟದ ಡಬ್ಬಿಯ ಮುಚ್ಚಳ ತೆಗೆದು, ಏನೂ ಬೈಯದೆ ಕೊಟ್ಟೆ.