ಎಂಜಿನ್ ಮೇಲಿನ ಕುಂಕುಮ

ಗ್ಯಾರೇಜಿನ ಗೂಟಕ್ಕೆ ತೂಗುತ್ತಿದ್ದ ಅಂಗಿಯ ಕಿಸೆಯಲ್ಲಿ ಮೊಬೈಲು ಮೂರನೆಯ ಸಲ ಹೊಡೆದುಕೊಂಡಾಗ, ಮಾವಿನ ಕೊರಡಿನ ಮೇಲೆ ಎತ್ತಿದ್ದ ಕೊಡಲಿಯನ್ನು ಪ್ರೇಮಾನಂದ ಹಾಗೇ ಕೆಳಗಿಳಿಸಿದ. ಅಂಗಿ ಅಣ್ಣ ಭೋಜರಾಜನದು. ಅಣ್ಣ ಜಗಲಿಯಲ್ಲಿ ಬಾಳೆಎಲೆಯ ಮೇಲೆ ಮಲಗಿದ್ದ. ನಿನ್ನೆ ಸಂಜೆ ಲಾರಿಯೊಂದರ ಕ್ಲಚ್ ಬಿಚ್ಚುತ್ತಿದ್ದಾಗ ಎದೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತವನು, ಮತ್ತೆ ಏಳಲಿಲ್ಲ. ಪ್ರೇಮಾನಂದ ಮೊಬೈಲು ತೆಗೆದು ಕಿವಿಗಿಟ್ಟ.

“ಭೋಜಣ್ಣ, ನಾನ್ ವಿಶಾಲ್, ಮುಂಬಯಿದ್. ಬ್ರಹ್ಮಾವರ ದಾಟ್ದೆ. ಅರ್ಧ ಗಂಟಿಲಿ ಬತ್ತೆ. ಈ ಸಲ ಆದ್ರೂ ಬಾನೆಟ್ ತೆಗಿತ್ರಿ ಅಲ್ದಾ?”

ಅಣ್ಣ ಹೋದ, ನೀವು ವಾಪಸ್ ಹೋಗಿ ಎಂದರೆ ಮುಗಿಯುತ್ತಿತ್ತು. ಆ ಮಾತು ತುಟಿಯ ತನಕ ಬಂದೂ ಇತ್ತು. ಅಷ್ಟರಲ್ಲಿ ಅತ್ತಿಗೆ ಚಂದ್ರಮತಿ ಬಾಗಿಲಿಗೆ ಬಂದು ನಿಂತಳು.

“ಯಾರ್ ಪ್ರೇಮ?”

“ಆ ಕಾರಿನವ.”

“ಬಪ್ಪುಕೆ ಹೇಳ್. ನಾನೇ ಕರ್ಸಿದ್ದ್.” ಅವಳು ಜಗಲಿಯ ಕಡೆಗೆ ನೋಡಿದಳು. “ಇವ್ರಿಗೂ ಹೇಳಿದ್ದೆ. ಹ್ಞೂಂ ಅಂದಿದ್ರ್.”

ಕರೆಸದೆ ಅವಳಾದರೂ ಏನು ಮಾಡಿಯಾಳು? ಹೆದ್ದಾರಿ ಅಗಲವಾಗುತ್ತಿತ್ತು. ಕೋಟೇಶ್ವರದ ಅಂಗಡಿಗಳ ಗೋಡೆಗಳಿಗೆಲ್ಲ ಕೆಂಪು ಗೆರೆ ಬಿದ್ದಿತ್ತು. ಗ್ಯಾರೇಜಿನದು ಪೂರ್ತಿ ಗೆರೆಯ ಒಳಗೇ. ಇನ್ನು ಮೂರು ತಿಂಗಳಿಗೆ ಜೆಸಿಬಿ ಬರುವುದು. ಮನೆಯಲ್ಲಿ ಮಾರಬಹುದಾದದ್ದು ಎಂದರೆ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಕೂತಿದ್ದ ಆ ಕೆಂಪು ಕಾರು ಒಂದೇ. ಬಾನೆಟ್ ತೆಗೆದರೆ ಏನು ಕಾಣುತ್ತದೆ ಎಂಬುದು ಇಡೀ ಊರಿನಲ್ಲಿ ಗೊತ್ತಿದ್ದದ್ದು ಪ್ರೇಮಾನಂದ ಒಬ್ಬನಿಗೆ. ಹಾಗೆಂದು ಅವನು ಹದಿನಾಲ್ಕು ವರ್ಷದಿಂದ ನಂಬಿಕೊಂಡಿದ್ದ.

*

ಕಾರು ಬಂದದ್ದು ತೊಂಬತ್ತೇಳರಲ್ಲಿ. ಶಂಕರನಾರಾಯಣದ ಕಡೆಯ ಧಣಿಯೊಬ್ಬರಿಗೆ ಮುಂಬಯಿಯಲ್ಲಿ ಎರಡು ಹೋಟೆಲು. ಯಾವನೋ ಪಾರ್ಸಿಯಿಂದ ಕೊಂಡ ಇಟಲಿಯ ಕಾರನ್ನು ಊರಿಗೆ ತೋರಿಸಿಯೇ ತೀರಬೇಕೆಂಬ ಹುಕಿ ಅವರಿಗೆ. ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ಹಚ್ಚಿದ ಕಾರು ಅದು. ಕೋಟೇಶ್ವರದ ರಸ್ತೆ ಉಬ್ಬಿನ ಮೇಲೆ ಅಡಿ ಒಡೆದು ಎಣ್ಣೆಯೆಲ್ಲ ಸುರಿದು ನಿಂತಿತು. ತಳ್ಳಿಕೊಂಡು ಬಂದದ್ದು ಭೋಜರಾಜನ ಗ್ಯಾರೇಜಿಗೆ.

ಅದಕ್ಕೆ ಬೇಕಾದ ಸಾಮಾನು ಕುಂದಾಪುರದಲ್ಲೂ ಇಲ್ಲ, ಮುಂಬಯಿಯಲ್ಲೂ ಇಲ್ಲ. ಧಣಿಗೆ ಎಂಟು ತಿಂಗಳಲ್ಲಿ ಬೇಜಾರು ಬಂತು. “ನೀನೇ ಇಟ್ಕೋ ಮಾರಾಯಾ, ನಿನ್ ಹೆಸರಿಗೇ ಮಾಡ್ಕೊಡ್ತೆ” ಎಂದರು. ಹೆಸರು ಬದಲಾಯಿಸುವುದಕ್ಕೆ ಎಂಜಿನ್ ನಂಬರಿನ ಅಚ್ಚು ಬೇಕು. ಭೋಜರಾಜ ಕಿವಿಯ ಮೇಲೆ ಸದಾ ಇರುತ್ತಿದ್ದ ಪೆನ್ಸಿಲ್ ತೆಗೆದು, ಕಬ್ಬಿಣದಲ್ಲಿ ಕೊರೆದ ಅಂಕಿಗಳ ಮೇಲೆ ಕಾಗದ ಒತ್ತಿ ಮೆಲ್ಲಗೆ ಉಜ್ಜಿದ. ಬೂದುಬಣ್ಣದ ನಡುವೆ ಅಂಕಿಗಳು ಬೆಳ್ಳಗೆ ಎದ್ದು ಬಂದವು. ಮಗುವಿನ ಜಾತಕ ಬರೆಸಿದವನ ಹಾಗೆ ಅದನ್ನು ಎಲ್ಲರಿಗೂ ತೋರಿಸಿದ.

ಕಾರು ಬಂದು ಎರಡು ವರ್ಷವಾದಾಗ, ಆಯುಧಪೂಜೆಯ ದಿನ ಅಣ್ಣ ಕೆಟ್ಟುನಿಂತ ಲಾರಿಯೊಂದನ್ನು ಎಳೆದು ತರಲು ಬೈಂದೂರಿಗೆ ಹೋಗಿದ್ದ. ಪೂಜೆಯ ಹೊತ್ತಿಗೆ ಕಾರು ಫಳಫಳ ಎನ್ನಬೇಕು, ಅಣ್ಣಯ್ಯನಿಗೆ ಖುಷಿಯಾಗಬೇಕು ಎಂದು ಪ್ರೇಮಾನಂದ ಒಬ್ಬನೇ ಬಾನೆಟ್ ಎತ್ತಿದ. ಅವನು ಬಣ್ಣದ ಕೆಲಸದವನು; ತುಕ್ಕು ಕಂಡರೆ ಅವನಿಗೆ ಕೈ ತಡೆಯದು. ಎರಡು ಮಳೆಗಾಲ ತಿಂದ ಎಂಜಿನ್ನಿಗೆ ಗ್ರೈಂಡರ್ ಹಿಡಿದ. ಕಿಡಿ ಹಾರಿತು, ತುಕ್ಕಿನ ಪದರ ಎದ್ದಿತು, ಅದರ ಅಡಿಯಲ್ಲಿ ಏಳರ ಅಂಕಿಯೊಂದು ಕಾಣಿಸಿತು. ಅದು ಎಂಜಿನ್ ನಂಬರು ಎಂದು ತಲೆಗೆ ಹೋಗಿ ಕೈ ನಿಲ್ಲುವಷ್ಟರಲ್ಲಿ ಆ ಏಳೂ ಅರ್ಧಕ್ಕೆ ಸವೆದಿತ್ತು. ಅದರ ಹಿಂದಿನ ಅಂಕಿಗಳೆಲ್ಲ ಆಗಲೇ ಹೋಗಿದ್ದವು.

ಅದರ ಮೇಲೆ ಬೆಳ್ಳಿ ಬಣ್ಣ ಬಳಿದು ಮುಚ್ಚಿದ. ಸಂಜೆ ಅಣ್ಣ ಬಂದು ಬಗ್ಗಿ ನೋಡಿದ. ಸ್ವಲ್ಪ ಹೊತ್ತು ನೋಡಿದ. “ಚಂದ ಆಯ್ತ್ ಮಾರಾಯಾ” ಎಂದ. ಅರಿಶಿನ ಕುಂಕುಮ ಕಲಸಿ ಎಂಜಿನ್ನಿಗೆ ತಾನೇ ಮೆತ್ತಿದ.

ಬಚಾವಾದೆ ಎಂದುಕೊಂಡ ಪ್ರೇಮಾನಂದ. ಆ ಬಚಾವು ಏಳು ವರ್ಷ ಬಂತು. ಎರಡು ಸಾವಿರದ ಆರರಲ್ಲಿ, ಮುಂಬಯಿಯಲ್ಲಿ ಹಳೇ ಕಾರುಗಳ ವ್ಯಾಪಾರಕ್ಕಿದ್ದ, ಮೂಲತಃ ಇದೇ ಕಡೆಯವನಾದ ಈ ವಿಶಾಲ್ ಬಂದು, ಚಾ ಕುಡಿಯುತ್ತಾ ಅವುಗಳ ಹರಾಜಿನ ಕತೆ ಹೇಳಿದ. “ಓಡತ್ತಾ ಇಲ್ಲ್ಯಾ, ಅದೆಲ್ಲ ಆಮೇಲೆ ಭೋಜಣ್ಣ. ಇಂಥದ್ದ್ ಎಷ್ಟ್ ಮಾಡೀರ್, ಯಾರ್ಯಾರ್ ಕೈಲಿ ಇತ್ತ್, ಕಾಗದ ಸಮ ಇತ್ತಾ, ಕೊಂಬವ್ರ್ ಅದನ್ನ್ ಕೇಳ್ತ್ರ್. ಗೀರಿದ್ರೂ ಹಳೇ ಬಣ್ಣವೇ ಇರ್ಕ್. ಎಲ್ಲದ್ಕಿಂತ ದೊಡ್ಡದ್, ಹುಟ್ಟುವಾಗ ಬಂದ ಎಂಜಿನ್ನೇ ಇರ್ಕ್. ನಂಬ್ರ ತಾಳೆ ಆಯ್ತಾ, ಕೋಟೇಶ್ವರದಲ್ಲ್ ಒಂದ್ ಸಾಲ್ ಅಂಗಡಿ ತಕಂಬಷ್ಟ್ ಬತ್ತ್. ಆಯ್ಲಿಲ್ಯಾ, ಅರ್ಧವೂ ಇಲ್ಲೆ.”

ಜೀವಮಾನವಿಡೀ ಗೀರು ಮುಚ್ಚಿ ಅನ್ನ ತಿಂದ ಪ್ರೇಮಾನಂದ ಚಾದ ಲೋಟ ಕೆಳಗಿಟ್ಟು ಅಣ್ಣನ ಮುಖ ನೋಡಿದ. ಆದರೆ ಅಣ್ಣ ಬಾನೆಟ್ಟನ್ನೇ ತೆಗೆಯಲಿಲ್ಲ. “ಕೊಡುದಿಲ್ಲೆ. ಇಲ್ಲೇ ಇರ್ಲಿ” ಎಂದು ಎದ್ದುಹೋದ.

*

“ಭೋಜ ಬೈದದ್ದ್ ಯಾರಾರೂ ಕೇಂಡಿದ್ರ್ಯಾ?” ಚಟ್ಟಕ್ಕೆ ಬಿದಿರು ಕಟ್ಟುತ್ತಾ ಗುಡ್ಡಣ್ಣ ಕೇಳಿದ. ಅವನದು ಮೀನಿನ ಟೆಂಪೊ. ಅದಕ್ಕೆ ಇಪ್ಪತ್ತು ವರ್ಷ ಜೀವ ಕೊಟ್ಟವನು ಭೋಜರಾಜ. “ಮದಿ ದಿಬ್ಬಣದ್ ಜೀಪ್ ಸಾಲಿಗ್ರಾಮದಲ್ ನಿಂತಿತ್ತ್ ಅಂದೇಳಿ, ಬಸ್ಸಿಂದ ಇಳ್ದ್ ರಿಪೇರಿ ಮಾಡಿದ ಜನ. ತಾನ್ ಹೊರಟದ್ದ್ ಎಲ್ಲಿಗೆ ಅನ್ನುದೇ ಮರ್ತಿದ!”

“ಎಲ್ಲ ಸೈ. ಒಂದ್ ಹಟ ಮಾತ್ರ ಬಿಡ್ಲಿಲ್ಲೆ” ಎಂದಳು ನೆರೆಮನೆಯ ಜಲಜಕ್ಕ, ಸೆರಗಿನಿಂದ ಮೂಗು ಒರೆಸುತ್ತಾ. “ಆ ಕಾರ್ ಒಂದ್ ಕೊಟ್ಟಿದ್ರೆ ಮನಿ ಕಟ್ಲಕ್ಕಿತ್. ಚಂದ್ರಮತಿ ಎಷ್ಟ್ ಬೇಡ್ಕಂಡ್ಳ್! ಆ ಲಟಾರಿ ಮೇಲೆ ಎಂಥಾ ಮೋಹವೋ ಏನೋ.”

ಪ್ರೇಮಾನಂದ ಕೊಡಲಿ ಬೀಸಿದ. ಏಟು ತಪ್ಪಿ ಮಣ್ಣಿಗೆ ಬಿತ್ತು. ಅಣ್ಣನಿಗೆ ಕಾರಿನ ಮೇಲೆ ಮೋಹ ಇದ್ದದ್ದೇ ನನ್ನ ಪುಣ್ಯ ಎಂದು ಇಷ್ಟು ವರ್ಷ ಅವನು ಒಳಗೊಳಗೇ ಕೈ ಮುಗಿದಿದ್ದ. ಇಂದು ಅದೇ ಪುಣ್ಯ ಅವನ ಕುತ್ತಿಗೆಗೆ ಬಂದಿತ್ತು.

ಹೆಣ ಎತ್ತುವ ಹೊತ್ತಿಗೆ ಬಿಳಿ ಬಾಡಿಗೆ ಕಾರೊಂದು ಗೇಟಿನ ಹತ್ತಿರ ನಿಂತಿತು. ವಿಶಾಲ್ ಇಳಿದು, ಜನ ಕಂಡು, ಬೂಟು ಕಳಚಿ ಮೂಲೆಯಲ್ಲಿ ಕೈಕಟ್ಟಿ ನಿಂತ. ಭೋಜರಾಜನಿಗೆ ಗಂಡುಮಕ್ಕಳಿಲ್ಲ, ಕೊಳ್ಳಿ ಇಡಬೇಕಾದವನು ತಮ್ಮ. ಒದ್ದೆ ಬಟ್ಟೆಯಲ್ಲಿ, ಹೆಗಲ ಮೇಲೆ ಮಡಕೆ ಹೊತ್ತು ತೋಟದ ತುದಿಯ ಚಿತೆಗೆ ಸುತ್ತು ಬರುವಾಗ ಅವನ ಕಣ್ಣು ಅಣ್ಣನ ಮುಖದ ಮೇಲೆ ನಿಲ್ಲಲಿಲ್ಲ, ಗೇಟಿನ ಕಡೆಗೇ ಓಡುತ್ತಿತ್ತು. ಅದಕ್ಕಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬೆಂಕಿ ಹತ್ತಿದ ಮೇಲೆ ಎಲ್ಲರೂ ಮಿಂದು ಬಂದರು. ವಿಶಾಲ್ ಚಂದ್ರಮತಿಯ ಮುಂದೆ ತಲೆ ತಗ್ಗಿಸಿದ. “ನಂಗ್ ಗೊತ್ತಿಲ್ಲೆ ಅಮ್ಮ. ಇನ್ನೊಂದ್ ದಿನ ಬತ್ತೆ.”

“ಇಷ್ಟ್ ದೂರ ಬಂದಿದ್ರಿ. ಕಂಡ್ಕಂಡೇ ಹೋಯ್ನಿ” ಎಂದಳು ಚಂದ್ರಮತಿ. ಒಳಗಿನಿಂದ ಕಾರಿನ ಆರ್‌ಸಿ ಪುಸ್ತಕ ತಂದಳು. “ಪ್ರೇಮ, ಬಾನೆಟ್ ತೆಗಿ. ಅವ್ರಂತೂ ತೆಗಿಲಿಲ್ಲೆ.”

ಟಾರ್ಪಾಲು ಸರಿಯಿತು. ಪ್ರೇಮಾನಂದ ಬಾನೆಟ್ ಎತ್ತಿದ. ಎಂಜಿನ್ನಿನ ಮೇಲೆ ಬೇರೆಲ್ಲೂ ಒಂದು ಬೊಟ್ಟು ಇರಲಿಲ್ಲ. ಒಂದೇ ಒಂದು ಜಾಗದಲ್ಲಿ, ಅಂಗೈ ಅಗಲಕ್ಕೆ, ಹದಿನಾಲ್ಕು ಆಯುಧಪೂಜೆಗಳ ಕುಂಕುಮ ಪದರ ಪದರವಾಗಿ ಗಟ್ಟಿಯಾಗಿ ಕೂತಿತ್ತು.

ವಿಶಾಲ್ ಟಾರ್ಚು ಹಿಡಿದು, ಕರವಸ್ತ್ರ ತೆಗೆದು ಬಗ್ಗಿದ.

“ಒರಸ್ಬೇಡಿ” ಎಂದ ಪ್ರೇಮಾನಂದ. “ಅಲ್ಲ್ ನಂಬ್ರ ಇಲ್ಲೆ. ಗ್ರೈಂಡರ್ ಹಿಡ್ದದ್ದ್ ನಾನ್. ತೊಂಬತ್ತೊಂಬತ್ತರಲ್ಲ್, ಪೂಜಿ ದಿನ. ಗೊತ್ತಿಲ್ದೆ ಆದದ್ದ್ ಅತ್ಗೆ. ಹೇಳುಕೆ ಧೈರ್ಯ ಬರ್ಲಿಲ್ಲೆ.”

ಚಂದ್ರಮತಿ ಅವನನ್ನೇ ನೋಡಿದಳು. “ಅವ್ರಿಗ್ ಗೊತ್ತಿತ್ತಾ?”

“ಅಣ್ಣಯ್ಯಂಗಾ? ಇಲ್ಲೆ. ಗೊತ್ತಿದ್ರೆ ನನ್ನ್ ಮನಿ ಒಳಗ್ ಇಟ್ಕಂತಿದ್ನಾ?”

ಅವಳು ಪುಸ್ತಕವನ್ನು ವಿಶಾಲನ ಕೈಗೆ ಕೊಟ್ಟಳು. ಅವನು ಪ್ಲಾಸ್ಟಿಕ್ ಹೊದಿಕೆ ಬಿಡಿಸಿದಾಗ ಒಳಗಿನಿಂದ ಮಡಚಿದ ಎರಡು ಚೀಟಿಗಳು ಜಾರಿ ಬಿದ್ದವು. ಪ್ರೇಮಾನಂದ ಬಗ್ಗಿ ಎತ್ತಿಕೊಂಡ. ಎರಡೂ ಪೆನ್ಸಿಲ್ ಅಚ್ಚು. ಮೊದಲನೆಯದರಲ್ಲಿ ಅಂಕಿಗಳು ಸಾಲಾಗಿ, ಬೆಳ್ಳಗೆ, ಒಂದೂ ಬಿಡದೆ ಇದ್ದವು. ಎರಡನೆಯದರಲ್ಲಿ ಅಂಕಿ ಇರಲಿಲ್ಲ. ಬೂದುಬಣ್ಣದ ತುಂಬ ಗ್ರೈಂಡರಿನ ಅರ್ಧಚಂದ್ರ ಗೀರುಗಳು, ತುದಿಯಲ್ಲಿ ಒಂದು ಅರ್ಧ ಏಳು. ಅದರ ಕೆಳಗೆ ಅಣ್ಣನ ದುಂಡು ಅಕ್ಷರದಲ್ಲಿ ತಾರೀಕು: ೧೯-೧೦-೯೯. ಪೂಜೆಯ ಮಾರನೆಯ ದಿನ.

ಚಿತೆಯಲ್ಲಿ ಕೊರಡೊಂದು ಬಿರಿದಿರಬೇಕು, ತೋಟದ ತುದಿಯಿಂದ ಚಟಚಟ ಸದ್ದು ಕೇಳಿಸಿತು. ಪ್ರೇಮಾನಂದ ಹೆಬ್ಬೆರಳನ್ನು ಆ ಅರ್ಧ ಏಳರ ಮೇಲೆ ಇಟ್ಟ. ಹದಿನಾಲ್ಕು ವರ್ಷವಾದರೂ ಪೆನ್ಸಿಲಿನ ಕಪ್ಪು ಇನ್ನೂ ಬೆರಳಿಗೆ ಹತ್ತುತ್ತಿತ್ತು.