ಪೊಟ್ಯಾಷಿಯಂ ಜಾಸ್ತಿ

ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಮೂರು ಸಾಲುಗಳು ದಪ್ಪ ಅಕ್ಷರದಲ್ಲಿದ್ದವು. ನಮ್ಮ ಮನೆಯಲ್ಲಿ ಎಲ್ಲರೂ ಹೆದರಿದ್ದು ಸಕ್ಕರೆಗೆ ಮಾತ್ರ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಯ ಜೊತೆ ಸಂಸಾರ ಮಾಡಿದವರಿಗೆ ಅದೊಂದೇ ಪರಿಚಯದ ಮುಖ. ಕ್ರಿಯಾಟಿನಿನ್ ಅಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಪೊಟ್ಯಾಷಿಯಂ ಗೊತ್ತಿತ್ತು, ನಾವು ಕೆಟ್ಟದ್ದೇ ಅದರಿಂದ.

“ಪೊಟಾಷ್ ಕಣೇ ಪ್ರಮೀಳಾ, ತೆಂಗಿಗೆ ಹಾಕೋದು,” ಎಂದರು ನನ್ನ ಗಂಡ ಅನಂತರಾಜು, ಫೋನನ್ನು ನನ್ನ ಮುಖದೆದುರು ಹಿಡಿದು. “ಜಾಸ್ತಿ ಇದ್ರೆ ಗಟ್ಟಿಮುಟ್ಟಾಗಿದೀನಿ ಅಂತ.”

ತಾಲ್ಲೂಕು ಕಚೇರಿಯಲ್ಲಿ ಕೂತು ಊರಿಗೆಲ್ಲ ರೂಲ್ಸು ಹೇಳುವ ಮನುಷ್ಯ! ಆದರೆ ಕಡಬದ ನಮ್ಮ ತೋಟದಲ್ಲಿ ಪೊಟಾಷ್ ಬಿದ್ದ ಮರ ಹೇಗೆ ಕಾಯಿ ಹಿಡಿಯುತ್ತದೆಂದು ಎಲ್ಲರೂ ಕಂಡವರೇ. ಹಾಗಾಗಿ ಯಾರೂ ಎದುರಾಡಲಿಲ್ಲ. ಅತ್ತೆ ದೊಡ್ಡಗಂಗಮ್ಮ ಮಗನ ಕಾಫಿಗೆ ಸಕ್ಕರೆ ನಿಲ್ಲಿಸಿದರು, ಆಮೇಲೆ ಕಾಫಿಯನ್ನೇ ನಿಲ್ಲಿಸಿದರು. ಸುಸ್ತು ಹೋಗಲಿ ಎಂದು ತೋಟದಿಂದ ಗುಬ್ಬಿಯ ಮನೆಗೆ ಗೊನೆಗಟ್ಟಲೆ ತರಿಸಿ, ಬೆಳಿಗ್ಗೆ ಸಂಜೆ ಎಳನೀರು ಕೊಚ್ಚಿ ಕೊಡತೊಡಗಿದರು.

ಆ ವಾರವೇ ಒಂದು ಬೆಳಿಗ್ಗೆ ನನ್ನ ಗಂಡ ಕುರ್ಚಿಯಿಂದ ಏಳಲು ಹೋಗಿ ಮತ್ತೆ ಕೂತುಬಿಟ್ಟರು. “ಕಾಲಲ್ಲಿ ಶಕ್ತೀನೇ ಇಲ್ಲ ಕಣೇ,” ಎಂದು ನಕ್ಕರು. ಆ ನಗು ಕಂಡು ನನಗೆ ಭಯವಾಯಿತು. ತುಮಕೂರಿನಲ್ಲಿ ಅವರ ಬಿಪಿ ನೋಡುವ ಡಾಕ್ಟರ್ ಸುಮನಾಗೆ ರಿಪೋರ್ಟು ಕಳಿಸಿದೆ. ಬೆಳಿಗ್ಗೆಯ ಮೆಸೇಜಿಗೆ ಸಂಜೆ ಉತ್ತರ ಕೊಡುವ ಹೆಂಗಸು ತಕ್ಷಣ ಫೋನ್ ಮಾಡಿದರು.

“ಇಷ್ಟು ದಿನ ಇದನ್ನ ಇಟ್ಕೊಂಡು ಏನ್ ಮಾಡ್ತಿದ್ರಿ? ಈಗ್ಲೇ ಕರ್ಕೊಂಡು ಬನ್ನಿ. ಅವ್ರು ಗಾಡಿ ಓಡಿಸ್ಬಾರ್ದು.”

ಬಾಡಿಗೆ ಕಾರು ಹಿಡಿದು ಮೂವರೂ ಹೊರಟೆವು. ರಸ್ತೆಯ ಪ್ರತಿ ಉಬ್ಬಿಗೂ ನಾನು ಅವರ ಮುಖ ನೋಡುತ್ತಿದ್ದೆ. ಕಣ್ಣು ಮುಚ್ಚಿದರೆ ಸಾಕು, ಅಲ್ಲಾಡಿಸಿ ಎಬ್ಬಿಸುತ್ತಿದ್ದೆ. “ಸತ್ತಿಲ್ಲ ಬಿಡೇ,” ಎಂದು ರೇಗಿದರು. ಸಾಯುತ್ತಾರೆಂದೇ ನಾನು ಎಬ್ಬಿಸುತ್ತಿದ್ದದ್ದು.

ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ಡಾಕ್ಟರ್ ಸುಮನಾ ನಮ್ಮ ಕಡೆ ತಿರುಗಲೂ ಇಲ್ಲ. ನರ್ಸಿಗೆ ಏನೋ ಹೇಳಿದರು, ಇಂಜೆಕ್ಷನ್ ಬಂತು, ಡ್ರಿಪ್ ಏರಿತು. ಮತ್ತೆ ರಕ್ತ ತೆಗೆದರು. ಆಮೇಲಷ್ಟೇ ನಮ್ಮ ಹತ್ತಿರ ಬಂದರು.

“ಕಿಡ್ನಿ ಸ್ವಲ್ಪ ಸೋತಿದೆ. ಹೊರಗೆ ಹೋಗ್ಬೇಕಾದ ಪೊಟ್ಯಾಷಿಯಂ ರಕ್ತದಲ್ಲೇ ಉಳ್ಕೊಂಡಿದೆ. ಹೀಗೇ ಏರಿದ್ರೆ ಹಾರ್ಟ್ ನಿಂತ್ಹೋಗ್ಬೋದು. ಬಿಪಿ ಮಾತ್ರೆಯಿಂದ್ಲೂ ಏರತ್ತೆ, ಅದನ್ನ ಬದಲಾಯಿಸ್ತೀನಿ. ಮನೇಲಿ ಏನೇನ್ ಕೊಡ್ತಿದ್ರಿ?”

“ಎಳ್ನೀರು ಕಣವ್ವ,” ಎಂದರು ಅತ್ತೆ ಹೆಮ್ಮೆಯಿಂದ. “ಎರಡು ಹೊತ್ತೂ ನಾನೇ ಕುಡಿಸ್ತೀನಿ.”

ಡಾಕ್ಟರ ದನಿ ಇಳಿಯಿತು. “ಅಜ್ಜಿ, ಎಳನೀರಲ್ಲಿ ತುಂಬಾ ಪೊಟ್ಯಾಷಿಯಂ ಇರತ್ತೆ. ಬೇರೆಯವ್ರಿಗೆ ಒಳ್ಳೇದು. ಇವ್ರಿಗೆ ವಿಷ.”

ಅತ್ತೆ ಅಲ್ಲೇ ನೆಲದ ಮೇಲೆ ಕುಸಿದು ಕೂತರು. ನನಗೆ ಅವರನ್ನು ಬೈದುಬಿಡಬೇಕು ಎನ್ನಿಸಿತು, ಆದರೆ ಬಾಯಿ ತೆರೆದರೆ ಅಳು ಬಂತು.

ಮಾರನೆಯ ದಿನಕ್ಕೆ ಪೊಟ್ಯಾಷಿಯಂ ಇಳಿಯಿತು. ಮುಂದಿನ ವಾರ ಮತ್ತೆ ರಕ್ತ ಪರೀಕ್ಷೆ, ಆಮೇಲೆ ಕಿಡ್ನಿ ಡಾಕ್ಟರ್ ಎಂದು ಹೇಳಿ ಮನೆಗೆ ಕಳಿಸಿದರು. ಆ ವಾರವಿಡೀ ಅತ್ತೆ ಮಗನಿಗೆ ನೀರು ಕೊಡಲೂ ನನ್ನನ್ನು ಕೇಳುತ್ತಿದ್ದರು.

ಪರೀಕ್ಷೆಯ ಸಂಜೆ ಲ್ಯಾಬಿನಿಂದ ಫೋನು ಬಂತು. ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಿದ್ದು ಅತ್ತೆ. ನಾನು ಸ್ಪೀಕರ್ ಒತ್ತಿದೆ.

“ನಂಬರ್ ಹೇಳಿದ್ರೆ ನಂಗೆ ತಿಳಿಯಾಕಿಲ್ಲ ಕಣವ್ವ. ನನ್ ಮಗ ಉಳೀತಾನಾ, ಅಷ್ಟು ಹೇಳ್ಬುಡು.”

ಆ ಕಡೆಯ ಹುಡುಗಿ ನಂಬರ್ ಬಿಟ್ಟು ಹೇಳಿದಳು. “ಪೊಟ್ಯಾಷಿಯಂ ಈ ಸಲ ನಾರ್ಮಲ್ ಇದೆ ಅಜ್ಜಿ. ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಇನ್ನೂ ಜಾಸ್ತಿ ಇದೆ. ಡಾಕ್ಟರಿಗೆ ತೋರಿಸಿ.”

ಅನಂತರಾಜು ಉಸಿರು ಬಿಟ್ಟು ಅಮ್ಮನ ಹೆಗಲು ಹಿಡಿದರು. ಅತ್ತೆಯ ಮುಖ ಮಾತ್ರ ಬಿಳಿಚಿಕೊಂಡೇ ಇತ್ತು.

“ಅದೇನೋ ಇನ್ನೊಂದು ಜಾಸ್ತಿ ಅಂದ್ಲಲ್ಲ ಪ್ರಮೀಳಾ,” ಎಂದರು. “ಅದು ಏರಾಕೆ ನಾನೇನು ಕೊಡ್ತಿದೀನವ್ವ?”