ಅಧ್ಯಕ್ಷರ ಮಹಡಿಯ ಕಂಪ್ಯೂಟರ್

"ಏಯ್ ಮುಂಡೇದೇ, ಕತ್ತು ಅಲ್ಲಾಡಿಸ್ಬೇಡ! ಬೀಳಿಸಿದ್ರೆ ಚರ್ಮ ಸುಲಿದ್ಬಿಡ್ತೀನಿ."

ಪಂಚಾಯ್ತಿ ಅಧ್ಯಕ್ಷರ ಭಾವಮೈದ ಬೈಯುತ್ತಲೇ ನನ್ನ ಹಿಂದೆ ಬರುತ್ತಿದ್ದ. ಊರಿನ ಮಾಹಿತಿ ಕೇಂದ್ರ ನೋಡಿಕೊಳ್ಳುವವನು ಅವನೇ. ನನ್ನ ತಲೆಯ ಮೇಲೆ ಸಿಂಬಿ, ಅದರ ಮೇಲೆ ದುಪ್ಪಟಿ ಸುತ್ತಿದ ಕಂಪ್ಯೂಟರ್. ಬಡವರ ಉದ್ಧಾರಕ್ಕೆಂದು ಸರ್ಕಾರ ಕೊಟ್ಟಿದ್ದು, ಆರು ತಿಂಗಳಿಂದ ಅಧ್ಯಕ್ಷರ ಮಹಡಿಯಲ್ಲಿ ಸಿನಿಮಾ ತೋರಿಸಿಕೊಂಡು ಸುಖವಾಗಿತ್ತು. ಇವತ್ತು ತಪಾಸಣೆಗೆ ದೊಡ್ಡ ಮೇಡಂ ಬರುತ್ತಾರೆಂದು ಅದಕ್ಕೆ ಈ ಮೆರವಣಿಗೆ.

ಎರಡೂ ಕಡೆ ಕಸ ಗುಡಿಸುವವಳು ನಾನು. ಬೆಳಿಗ್ಗೆ ಮಹಡಿಯಲ್ಲಿ ಅದರ ಧೂಳು ಒರೆಸಿ, ಆಮೇಲೆ ಕೇಂದ್ರಕ್ಕೆ ಬಂದು ಅದಿಲ್ಲದ ಖಾಲಿ ಮೇಜನ್ನೂ ಒರೆಸುತ್ತಿದ್ದೆ.

ನನ್ನ ಮಗಳು ನರ್ಸ್ ಕೋರ್ಸಿನ ಅರ್ಜಿ ಹಾಕಲು ಮೂರು ಸಲ ಆ ಕೇಂದ್ರಕ್ಕೆ ಬಂದಿದ್ದಳು. ಮೂರು ಸಲವೂ ಅವನು ಬಾಗಿಲಲ್ಲೇ ತಡೆದು, "ನೆಟ್ ಇಲ್ಲ, ಹೋಗ್ ಹೋಗು" ಎಂದು ಅಟ್ಟಿದ್ದ. ಪೇಟೆಗೆ ಹೋಗೋಣವೇ ಎಂದು ಕೇಳಿದ್ದಕ್ಕೆ ಅವಳು, "ನಮ್ಮೂರಲ್ಲೇ ಬಿಟ್ಟಿ ಹಾಕ್ಕೊಡ್ತಾರಲ್ಲಮ್ಮ, ನೀನ್ಯಾಕೆ ಒಂದಿನದ ಕೆಲಸ ಬಿಡ್ತೀಯಾ?" ಎಂದಿದ್ದಳು. ನಾನು ತುಟಿ ಪಿಟಕ್ಕೆನ್ನಲಿಲ್ಲ. ನಿಜ ಹೇಳಿದರೆ ಅವಳು ಬೀದಿಯಲ್ಲಿ ನಿಂತು ಕೇಳುವವಳೇ. ನನ್ನ ಎರಡೂ ಕೆಲಸ ಹೋಗುತ್ತಿತ್ತು. ಹೆತ್ತ ಮಗಳಿಗಿಂತ ಪೊರಕೆ ದೊಡ್ಡದಾಯಿತು ನನಗೆ. ಅರ್ಜಿಗೆ ಕೊನೆಯ ದಿನ ಇವತ್ತು, ಸಂಜೆ ಐದರವರೆಗೆ.

ಕೇಂದ್ರದಲ್ಲಿ ಅವನು ವೈರುಗಳನ್ನೆಲ್ಲ ಸಿಕ್ಕಿಸಿದ. ನನ್ನ ಕೈ ಎರಡು ಸಲ ತೊಳೆಸಿದ. ಕುರ್ಚಿಗೆ ಹಳೇ ಪೇಪರ್ ಹಾಸಿ, "ಇದರ ಮೇಲೆ ಕೂತ್ಕೋ. ಇಲಿ ಥರ ಇದ್ಯಲ್ಲ, ಅದರ ಮೇಲೆ ಕೈ ಇಡು. ಒತ್ತಬೇಡ. ಮೇಡಂ ಕೇಳಿದ್ರೆ ಏನಂತೀಯಾ?" ಎಂದ.

ಅವನು ಕಲಿಸಿದ್ದನ್ನೇ ಒಪ್ಪಿಸಿದೆ. ಅವನು ತಲೆಯಾಡಿಸಿದ.

ಮೂರೂವರೆಗೆ ಮೇಡಂ ಬಂದರು. ಪಕ್ಕದಲ್ಲಿ ಅಧ್ಯಕ್ಷರು ಹಲ್ಲು ಕಿರಿಯುತ್ತ ನಿಂತಿದ್ದರು. ಮೇಡಂ ಒಳ್ಳೆಯವರಿರಬೇಕು, ನನ್ನ ಹೆಗಲ ಮೇಲೆ ಕೈ ಇಟ್ಟರು.

"ಇದರಿಂದ ಏನು ಉಪಯೋಗ ಆಯ್ತಮ್ಮ ನಿಮಗೆ?"

"ನನ್ನ ಮಗಳ ಅರ್ಜಿ ಇಲ್ಲೇ ಹಾಕಿದ್ರು ಮೇಡಂ. ಸೀಟು ಸಿಕ್ತು. ನಮ್ಮ ಬಾಳು ಬೆಳಕಾಯ್ತು."

ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋ ತೆಗೆದರು. ನಗು ಎಂದರು, ನಕ್ಕೆ. ನಗುತ್ತಲೇ ಬಾಗಿಲ ಕಡೆ ನೋಡಿದರೆ ಮಗಳು ನಿಂತಿದ್ದಾಳೆ, ಕೈಯಲ್ಲಿ ಅಂಕಪಟ್ಟಿಯ ಕವರು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು.

ಮೇಡಂ ಹೊರಗೆ ಕಾರಿನ ಹತ್ತಿರ ಹೋದರು. ಮಗಳು ಒಳಗೆ ಬರಲಿಲ್ಲ.

"ಬಾ ಮಗಾ, ಈಗ ಹಾಕ್ಸೋಣ, ಇನ್ನೂ ಟೈಮಿದೆ," ಎಂದೆ.

"ಯಾಕಮ್ಮ? ನಂಗೆ ಸೀಟು ಸಿಕ್ತಲ್ಲ."

ಅಷ್ಟೇ ಹೇಳಿ ಬೀದಿಗಿಳಿದಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಆಯ್ತಲ್ಲ ನಾಟಕ, ಏಳು. ಹೊತ್ಕೊಂಡ್ ನಡಿ ಮನೆಗೆ," ಎಂದು ಅಧ್ಯಕ್ಷರ ಭಾವಮೈದ ವೈರುಗಳಿಗೆ ಕೈ ಹಾಕಿದ.

ನಾನು ಏಳಲಿಲ್ಲ. ಎರಡೂ ತೋಳಲ್ಲಿ ಆ ಕಂಪ್ಯೂಟರನ್ನು ತಬ್ಬಿಕೊಂಡೆ.

"ಏಯ್, ಹುಚ್ಚು ಹಿಡೀತೇನೇ? ಬಿಡೇ!"

"ಮುಟ್ಟು ನೋಡೋಣ, ನಿನ್ನ ಕೈ ಮುರೀತೀನಿ ಹಲ್ಕಾ ನನ್ಮಗನೇ!" ಎಂದವಳು ಕಿಟಕಿಯ ಕಡೆ ತಿರುಗಿ, ಇಡೀ ಬೀದಿಗೆ ಕೇಳುವಂತೆ ಕೂಗಿದೆ: "ಮಗಾ, ನಾನು ಸುಳ್ಳು ಹೇಳ್ದೆ ಕಣೇ! ಆರು ತಿಂಗಳಿಂದ ಇದು ಅಧ್ಯಕ್ಷರ ಮನೇಲಿತ್ತು! ದಿನಾ ನಾನೇ ಒರೆಸ್ತಿದ್ದೆ! ನಂಗೊತ್ತಿತ್ತು, ನಿಂಗೆ ಹೇಳ್ಲಿಲ್ಲ!"

ಕಾರು ಹತ್ತುತ್ತಿದ್ದ ಮೇಡಂ ಒಂದು ಕಾಲು ಒಳಗಿಟ್ಟು ಹಾಗೇ ನಿಂತರು. ಅಧ್ಯಕ್ಷರ ನಗು ಇಳಿಯಿತು. ಭಾವಮೈದ ನನ್ನ ಜುಟ್ಟು ಹಿಡಿದೆಳೆಯುತ್ತಿದ್ದ, ನಾನು ಬಿಡಲಿಲ್ಲ.

ಬೀದಿಯ ತಿರುವಿನಲ್ಲಿ ಮಗಳು ನಿಂತಳು. ಗಂಟೆ ನಾಲ್ಕೂ ಹತ್ತು. ನಾನು ಮತ್ತೆ ಮತ್ತೆ ಕರೆಯುತ್ತಿದ್ದೆ, ಅವಳು ಇನ್ನೂ ಈ ಕಡೆ ತಿರುಗಿರಲಿಲ್ಲ.